ಮೆಡಿಕೇರ್ ದುಡ್ಡು ಕೊಡುವ ರೀತಿ ಬದಲಾಗಿದೆ: ಸಣ್ಣ ಕ್ಲಿನಿಕ್ ಎಲ್ಲಿಂದ ಶುರು ಮಾಡಬೇಕು?

ಮಣಿಪಾಲ, ದಾವಣಗೆರೆ, ಮೈಸೂರು, ಬೆಳಗಾವಿ ಅಂತ ಓದಿ ಬಂದು ಅಮೆರಿಕದಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡಿರುವ ಕನ್ನಡದ ಡಾಕ್ಟರುಗಳು ಬೇಕಾದಷ್ಟು ಜನ ಇದ್ದಾರೆ. ಡಾಕ್ಟರು ಒಬ್ಬರೋ ಇಬ್ಬರೋ. ಫ್ರಂಟ್ ಡೆಸ್ಕಿಗೆ ಒಬ್ಬರು, ಎರಡು ಮೂರು ಜನ ಮೆಡಿಕಲ್ ಅಸಿಸ್ಟೆಂಟ್. ಬಿಲ್ಲಿಂಗ್ ಮತ್ತು ಉಳಿದ ತಲೆನೋವೆಲ್ಲ ಮನೆಯವರ ಪಾಲಿಗೆ. ಅಮೆರಿಕ ಸರ್ಕಾರ ಮುಖ್ಯವಾಗಿ 65 ದಾಟಿದವರಿಗೆ ಕೊಡುವ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಹೊಸ ಲೆಕ್ಕ ಹೇಳುವ ಈ ಬರಹ ಆ ತಲೆನೋವಿನ ಕುರ್ಚಿಯಲ್ಲಿ ಕೂತವರಿಗೆ. ನಾನೂ ಅಲ್ಲೇ ಕೂತಿರುವವಳು.

ಮೊದಲೇ ಹೇಳಿಬಿಡುತ್ತೇನೆ. ಕೇರ್ ಕೋಆರ್ಡಿನೇಷನ್ (ಒಬ್ಬ ರೋಗಿಯ ಬೇರೆ ಬೇರೆ ಡಾಕ್ಟರು, ಆಸ್ಪತ್ರೆ, ಮಾತ್ರೆ ಎಲ್ಲವನ್ನೂ ಹೊಂದಿಸಿ ನೋಡಿಕೊಳ್ಳುವುದು) ಅಂದ ತಕ್ಷಣ ಸಾಫ್ಟ್‌ವೇರ್ ಕಂಪನಿಯವರು ಡೆಮೊ ಕೊಡಲು ಓಡಿ ಬರುತ್ತಾರೆ, ಎಸಿಒದವರು (ಮೆಡಿಕೇರ್ ಖರ್ಚು ಉಳಿಸಿ ಅದರಲ್ಲಿ ಪಾಲು ಪಡೆಯುವ ಡಾಕ್ಟರು, ಆಸ್ಪತ್ರೆಗಳ ಒಕ್ಕೂಟದವರು) ಊಟಕ್ಕೆ ಕರೆಯುತ್ತಾರೆ. ಇಬ್ಬರನ್ನೂ ಸ್ವಲ್ಪ ಕಾಯಿಸಿ. ನಿಮಗೆ ಮೊದಲು ಬೇಕಾಗಿರುವುದು ಒಂದು ಪಟ್ಟಿ, ಒಂದು ಫೋನು, ಆ ಫೋನಿನ ಮುಂದೆ ದಿನಕ್ಕೆ ಎರಡು ಗಂಟೆ ಕೂರುವ ಒಬ್ಬ ನರ್ಸ್. ಇಷ್ಟಾದರೆ ಉಳಿದದ್ದು ಇದರ ಮೇಲೆ ನಿಲ್ಲುತ್ತದೆ.

ಹಳೇ ಲೆಕ್ಕ ಸುಲಭವಾಗಿತ್ತು. ರೋಗಿ ಬಂದರು, ನೋಡಿದಿರಿ, ಬಿಲ್ಲಿಗೆ ಆ ಸೇವೆಯ ಕೋಡ್ ಹಾಕಿದಿರಿ, ದುಡ್ಡು ಬಂತು. ಅವರು ಮನೆಗೆ ಹೋದ ಮೇಲೆ ಮಾತ್ರೆ ತಗೊಂಡರಾ, ಹಾರ್ಟ್ ಡಾಕ್ಟರು ಬದಲಾಯಿಸಿದ್ದು ಕಿಡ್ನಿ ಡಾಕ್ಟರಿಗೆ ಗೊತ್ತಾ ಅಂತ ವಿಚಾರಿಸಿದರೆ ಯಾರೂ ಒಂದು ಕಾಸೂ ಕೊಡುತ್ತಿರಲಿಲ್ಲ. 2010ರ ಒಬಾಮಾಕೇರ್ ಕಾಯ್ದೆ ಆದ ಮೇಲೆ ಇದು ನಿಧಾನಕ್ಕೆ ಬದಲಾಯಿತು. 2012ರಲ್ಲಿ ಎಸಿಒಗಳು ಬಂದವು. 2013ರಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದವರನ್ನು ನೋಡಿಕೊಳ್ಳುವುದಕ್ಕೆ ಟಿಸಿಎಂ ಕೋಡ್ ಬಂತು. 2015ರಲ್ಲಿ ಶುಗರ್, ಬಿಪಿಯಂಥ ದೀರ್ಘಕಾಲದ ಕಾಯಿಲೆಯವರಿಗೆ ಸಿಸಿಎಂ ಅನ್ನುವ ತಿಂಗಳ ಕೋಡ್, ಅದೇ ವರ್ಷ ಡಾಕ್ಟರ ಕೆಲಸಕ್ಕೆ ಅಂಕ ಕೊಟ್ಟು ಅದರ ಮೇಲೆ ದುಡ್ಡು ಏರಿಸುವ ಇಳಿಸುವ ಮ್ಯಾಕ್ರಾ ಕಾಯ್ದೆ. 2025ರ ಜನವರಿಯಿಂದ ಎಪಿಸಿಎಂ ಅನ್ನುವ ಇನ್ನೊಂದು ತಿಂಗಳ ಕೋಡ್. ಹೆಸರು ಎಷ್ಟೇ ಇರಲಿ, ಎಲ್ಲದರ ತಿರುಳು ಒಂದೇ: ಒಂದು ವಿಸಿಟ್‌ಗೂ ಇನ್ನೊಂದು ವಿಸಿಟ್‌ಗೂ ನಡುವೆ ನೀವು ಏನು ಮಾಡಿದಿರಿ ಅನ್ನುವುದಕ್ಕೂ ಈಗ ದುಡ್ಡಿದೆ.

ನೀವು ಎಲ್ಲಿದ್ದೀರಿ ಅಂತ ನೋಡಿಕೊಳ್ಳಿ

ಈ ಅಂಕದ ಲೆಕ್ಕ ಇಡುವ ಮೆಡಿಕೇರ್‌ನ ಕ್ಯೂಪಿಪಿ ವೆಬ್‌ಸೈಟಿಗೆ ಹೋಗಿ ಪ್ರತಿ ಡಾಕ್ಟರ ಎನ್‌ಪಿಐ ನಂಬರ್ (ಡಾಕ್ಟರ ಸರ್ಕಾರಿ ಗುರುತಿನ ಸಂಖ್ಯೆ) ಹಾಕಿ ನೋಡಿ. ಐದು ನಿಮಿಷದ ಕೆಲಸ. ಪಾರ್ಟ್ ಬಿ (ಮೆಡಿಕೇರ್‌ನಲ್ಲಿ ಡಾಕ್ಟರ ಸೇವೆಗೆ ದುಡ್ಡು ಕೊಡುವ ಭಾಗ) ಬಿಲ್ 90,000 ಡಾಲರ್ ದಾಟಬೇಕು, ಮೆಡಿಕೇರ್ ರೋಗಿಗಳು 200 ದಾಟಬೇಕು, ಕೊಟ್ಟ ಸೇವೆಗಳೂ 200 ದಾಟಬೇಕು. ಮೂರೂ ದಾಟಿದರೆ ಮಾತ್ರ ಮಿಪ್ಸ್, ಅಂದರೆ ಆ ಅಂಕದ ವ್ಯವಸ್ಥೆ, ಕಡ್ಡಾಯ. ದಾಟಿದವರು 75 ಅಂಕಕ್ಕಿಂತ ಕೆಳಗೆ ಬಿದ್ದರೆ ಮೆಡಿಕೇರ್ ಬಿಲ್ಲಿನಲ್ಲಿ ಕಡಿತ, ಅದು 9 ಪರ್ಸೆಂಟಿನವರೆಗೂ ಹೋಗಬಹುದು. ಅದೂ ಎರಡು ವರ್ಷ ತಡವಾಗಿ: 2025ರ ಕೆಲಸದ ಏಟು 2027ರ ಬಿಲ್ಲಿಗೆ ಬೀಳುತ್ತದೆ. ಹಾಗಾಗಿ ಈಗ ಏನೂ ಆಗಿಲ್ಲವಲ್ಲ ಅಂತ ಸುಮ್ನೆ ಕೂರಬೇಡಿ.

ಬಿಲ್ ಮಾಡುವ ಡಾಕ್ಟರು ಮುಂತಾದವರು 15 ಅಥವಾ ಅದಕ್ಕಿಂತ ಕಡಿಮೆ ಇರುವ ಪ್ರಾಕ್ಟೀಸಿಗೆ ಒಂದೆರಡು ರಿಯಾಯಿತಿ ಇದೆ. ಇಎಚ್‌ಆರ್ (ರೋಗಿಗಳ ದಾಖಲೆ ಇಡುವ ಸಾಫ್ಟ್‌ವೇರ್) ಬಳಕೆಯ ಭಾಗ ತಾನಾಗಿಯೇ ಲೆಕ್ಕದಿಂದ ಹೊರಗೆ ಹೋಗುತ್ತದೆ. ಆದರೆ ಆ ಭಾಗದ ಡೇಟಾವನ್ನು ನೀವೇ ಉತ್ಸಾಹದಿಂದ ಕಳಿಸಿಬಿಟ್ಟರೆ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ನಿಮ್ಮ ಇಎಚ್‌ಆರ್ ಕಂಪನಿಯವರು ನಿಮ್ಮ ಪರವಾಗಿ ಏನೇನು ಕಳಿಸುತ್ತಿದ್ದಾರೆ ಅಂತ ಒಂದು ಸಲ ಕೇಳಿ.

ಪಟ್ಟಿ

ಇಎಚ್‌ಆರ್‌ನಿಂದ 65 ದಾಟಿದವರೆಲ್ಲರ ಪಟ್ಟಿ ತೆಗೆಯಿರಿ. 65 ಆಗದೇ ಡಿಸೆಬಿಲಿಟಿ ಮೇಲೆ ಮೆಡಿಕೇರ್ ಸಿಕ್ಕಿರುವವರನ್ನೂ ಸೇರಿಸಿ. ಒರಿಜಿನಲ್ ಮೆಡಿಕೇರ್ ಇರುವವರನ್ನು ಒಂದು ಕಡೆ, ಮೆಡಿಕೇರ್ ಅಡ್ವಾಂಟೇಜ್ (ಖಾಸಗಿ ವಿಮಾ ಕಂಪನಿ ನಡೆಸುವ ಮೆಡಿಕೇರ್) ಇರುವವರನ್ನು ಇನ್ನೊಂದು ಕಡೆ ಮಾಡಿ, ಯಾಕೆಂದರೆ ಮೆಡಿಕೇರ್ ಎಸಿಒ ಲೆಕ್ಕ ಮೊದಲನೆಯವರಿಗೆ ಮಾತ್ರ, ಅಡ್ವಾಂಟೇಜ್ ಕಂಪನಿಗಳ ಜೊತೆ ಒಪ್ಪಂದವೇ ಬೇರೆ. ಆಮೇಲೆ ಮೂರು ಗುರುತು ಹಾಕಿ: ಎರಡು ಅಥವಾ ಹೆಚ್ಚು ದೀರ್ಘಕಾಲದ ಕಾಯಿಲೆ ಇರುವವರು, ಕಳೆದ ಆರು ತಿಂಗಳಲ್ಲಿ ಆಸ್ಪತ್ರೆ ಅಥವಾ ಇಆರ್ (ಎಮರ್ಜೆನ್ಸಿ ವಿಭಾಗ) ನೋಡಿ ಬಂದವರು, ಒಂದು ವರ್ಷದಿಂದ ನಿಮ್ಮ ಕಡೆ ತಲೆ ಹಾಕದವರು. ಮೂರೂ ಗುರುತು ಬಿದ್ದವರಿಗೆ ಈ ವಾರವೇ ಫೋನ್ ಹೋಗಬೇಕು.

ಈ ಮೂರನೇ ಗುಂಪಿನಲ್ಲಿ ನಮ್ಮವರ ಅಪ್ಪ ಅಮ್ಮಂದಿರು ಜಾಸ್ತಿ. ಗ್ರೀನ್ ಕಾರ್ಡ್ ಬಂದು 5 ವರ್ಷ ಇಲ್ಲಿದ್ದ ಮೇಲೆ ಪ್ರೀಮಿಯಂ ಕಟ್ಟಿ ಮೆಡಿಕೇರ್ ಸೇರಿರುತ್ತಾರೆ. ಆಮೇಲೆ ಚಳಿಗಾಲ ಬಂತು ಅಂದರೆ ಊರಿಗೆ ಹೋಗುತ್ತಾರೆ. ಅಲ್ಲಿ ಇನ್ನೊಬ್ಬ ಡಾಕ್ಟರು, ಇನ್ನೊಂದು ಚೀಟಿ.

ಡಿಸ್ಚಾರ್ಜ್ ಆದ ಎರಡು ದಿನದೊಳಗೆ ಒಂದು ಫೋನ್

ಇಡೀ ಬರಹದಲ್ಲಿ ಒಂದನ್ನೇ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಟಿಸಿಎಂ ನಿಯಮ ಹೀಗಿದೆ: ಡಿಸ್ಚಾರ್ಜ್ ಆದ ಮೇಲೆ ಎರಡು ಕೆಲಸದ ದಿನದೊಳಗೆ ರೋಗಿಯನ್ನೋ ಮನೆಯವರನ್ನೋ ಮಾತಾಡಿಸಬೇಕು. ಶುಕ್ರವಾರ ಸಂಜೆ ಮನೆಗೆ ಬಂದವರಿಗೆ ಮಂಗಳವಾರದವರೆಗೆ ಟೈಮ್ ಇದೆ. ಕೇಸು ತುಂಬಾ ಗಂಭೀರವಾಗಿದ್ದರೆ 7 ದಿನದೊಳಗೆ ಡಾಕ್ಟರು ನೋಡಬೇಕು, ಅದು 99496. ಮಧ್ಯಮ ಮಟ್ಟದ್ದಾದರೆ 14 ದಿನ, ಅದು 99495. 2025ರಲ್ಲಿ ಮೊದಲನೆಯದಕ್ಕೆ ಸುಮಾರು 270 ಡಾಲರ್, ಎರಡನೆಯದಕ್ಕೆ ಸುಮಾರು 200 ಇತ್ತು, ಊರಿಗೆ ತಕ್ಕ ಹಾಗೆ ಹೆಚ್ಚುಕಮ್ಮಿ. ಅದೇ ರೋಗಿಯನ್ನು ಮಾಮೂಲಿ ವಿಸಿಟ್ ಅಂತ ನೋಡಿ 99214 ಹಾಕಿದ್ದರೆ ಆಗ ಸುಮಾರು 125. ಎರಡು ಸಲ ಪ್ರಯತ್ನಿಸಿಯೂ ಫೋನಿಗೆ ಸಿಗಲಿಲ್ಲ ಅಂದರೆ ಆ ಎರಡೂ ಪ್ರಯತ್ನವನ್ನು ಟೈಮ್ ಸಮೇತ ಬರೆದಿಡಿ. ಉಳಿದ ಷರತ್ತು ಪೂರೈಸಿದ್ದರೆ ಬಿಲ್ ಮಾಡಬಹುದು.

ಡಿಸ್ಚಾರ್ಜ್ ಆಗಿದ್ದೇ ನಮಗೆ ಗೊತ್ತಾಗಲ್ಲ ಅನ್ನುತ್ತಾರೆ ಎಲ್ಲರೂ. ರೋಗಿ ದಾಖಲಾದಾಗ, ಬಿಡುಗಡೆಯಾದಾಗ ಪ್ರೈಮರಿ ಡಾಕ್ಟರಿಗೆ ಎಲೆಕ್ಟ್ರಾನಿಕ್ ಸೂಚನೆ ಕಳಿಸಬೇಕು ಅನ್ನುವ ಮೆಡಿಕೇರ್ ನಿಯಮ 2021ರಿಂದ ಆಸ್ಪತ್ರೆಗಳಿಗಿದೆ. ಎಷ್ಟೋ ಕ್ಲಿನಿಕ್‌ಗಳಲ್ಲಿ ಆ ಸೂಚನೆ ಬರುತ್ತಲೇ ಇರುತ್ತದೆ, ಯಾರೂ ತೆರೆಯದ ಒಂದು ಇನ್‌ಬಾಕ್ಸಿಗೆ ಬೀಳುತ್ತಿರುತ್ತದೆ ಅಷ್ಟೇ. ಆ ಇನ್‌ಬಾಕ್ಸ್ ಹುಡುಕಿ, ಬೆಳಿಗ್ಗೆ ಬಂದ ತಕ್ಷಣ ನೋಡುವುದು ಇಂಥವರ ಕೆಲಸ ಅಂತ ಒಬ್ಬರ ಹೆಸರು ಬರೆದು ಗೋಡೆಗೆ ಅಂಟಿಸಿ.

ಫೋನಿನಲ್ಲಿ ಏನು ಕೇಳಬೇಕು? "ಹೇಗಿದ್ದೀರಿ?" ಅಂತ ಕೇಳಿದರೆ "ಚೆನ್ನಾಗಿದ್ದೀನಿ ಕಣಮ್ಮ, ಊಟ ಆಯ್ತಾ?" ಅನ್ನುತ್ತಾರೆ, ಮುಗೀತು. ಹಾರ್ಟ್ ಫೇಲ್ಯೂರ್ ಆಗಿ ಮನೆಗೆ ಬಂದ ಒಬ್ಬ ಅಜ್ಜಿ ಅಂತ ಇಟ್ಟುಕೊಳ್ಳಿ. "ಅಮ್ಮ, ಮಾತ್ರೆ ಡಬ್ಬಿ ಎಲ್ಲ ತಂದು ಟೇಬಲ್ ಮೇಲಿಡಿ, ಒಂದೊಂದಾಗಿ ಹೆಸರು ಓದಿ" ಅನ್ನಬೇಕು. ಆಗ ಗೊತ್ತಾಗುತ್ತದೆ: ಆಸ್ಪತ್ರೆಯವರು ಫ್ಯೂರೊಸೆಮೈಡ್ ಕೊಟ್ಟಿದ್ದಾರೆ, ಊರಿಂದ ತಂದ ಡೈಟಾರ್ ಸ್ಟ್ರಿಪ್ಪೂ ನಡೀತಾ ಇದೆ. ಎರಡೂ ನೀರು ಹೋಗುವ ಮಾತ್ರೆಯೇ. ಇನ್ನೊಂದು ಕಡೆ ಇಲ್ಲಿನ ಲೋಸಾರ್ಟನ್ ಜೊತೆ ಊರಿನ ಟೆಲ್ಮಾ, ಎರಡೂ ಒಂದೇ ಥರದ ಬಿಪಿ ಮಾತ್ರೆ. ಹೆಸರು ಬೇರೆ ಬೇರೆ ಇರುವುದರಿಂದ ಅವರ ಪಾಲಿಗೆ ಅವು ಬೇರೆ ಬೇರೆ ಕಾಯಿಲೆಯ ಮಾತ್ರೆಗಳು, ಮತ್ತು ಇಲ್ಲಿನ ಆಸ್ಪತ್ರೆಯ ಪಟ್ಟಿಯಲ್ಲಿ ಊರಿನ ಮಾತ್ರೆಯ ಸುಳಿವೇ ಇರುವುದಿಲ್ಲ. ತಲೆಸುತ್ತಿ ಬಿದ್ದು ಮತ್ತೆ ಇಆರ್ ಸೇರುವುದು ಇಂಥದ್ದಕ್ಕೇ. ಆಮೇಲೆ ಕೇಳಿ: ಬೆಳಿಗ್ಗೆ ತೂಕ ನೋಡಿಕೊಂಡಿರಾ, ನಿನ್ನೆಗಿಂತ ಎಷ್ಟು ಜಾಸ್ತಿ, ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗಿದಿರಿ, ಉಪ್ಪಿನಕಾಯಿ ಹಪ್ಪಳ ನಿಂತಿದೆಯಾ. ಮನೆಯಲ್ಲಿ ತೂಕದ ಮಷಿನ್ನೇ ಇಲ್ಲ ಅನ್ನುವುದೂ ಇಲ್ಲೇ ಗೊತ್ತಾಗುವುದು. ಇಷ್ಟಕ್ಕೆಲ್ಲ ಹತ್ತು ಹದಿನೈದು ನಿಮಿಷ ಸಾಕು. ಕನ್ನಡ ಬರುವ ಒಬ್ಬರು ಕ್ಲಿನಿಕ್‌ನಲ್ಲಿದ್ದರೆ ಈ ಫೋನುಗಳನ್ನು ಅವರಿಗೇ ಕೊಡಿ, ಮಗನನ್ನೋ ಸೊಸೆಯನ್ನೋ ನಡುವೆ ಹಾಕಿಕೊಂಡರೆ ಅರ್ಧ ವಿಷಯ ಅಲ್ಲೇ ಉಳಿಯುತ್ತದೆ.

ತಿಂಗಳ ದುಡ್ಡು: ಸಿಸಿಎಂ ಬೇಕಾ, ಎಪಿಸಿಎಂ ಬೇಕಾ

ಸಿಸಿಎಂ ಅಂದರೆ 99490. ಕನಿಷ್ಠ ಎರಡು ದೀರ್ಘಕಾಲದ ಕಾಯಿಲೆ, ಬರೆದಿಟ್ಟ ಕೇರ್ ಪ್ಲಾನ್, ತಿಂಗಳಿಗೆ 20 ನಿಮಿಷ ಸ್ಟಾಫ್ ಕೆಲಸ, 2025ರಲ್ಲಿ ಸುಮಾರು 60 ಡಾಲರ್ ಇತ್ತು. ಇದರ ಕಷ್ಟ ನಿಮಿಷದ ಲೆಕ್ಕ. 19 ನಿಮಿಷ ಆದರೆ ಸೊನ್ನೆ. ಉಳಿದ ನಿಮಿಷ ಮುಂದಿನ ತಿಂಗಳಿಗೆ ಹೋಗಲ್ಲ. ಸ್ಟಾಫು ಫೋನ್ ಇಟ್ಟ ಮೇಲೆ ಟೈಮ್ ಬರೆಯಲು ಮರೆತರೆ ಅದೂ ಹೋಯಿತು.

ಎಪಿಸಿಎಂನಲ್ಲಿ ನಿಮಿಷ ಎಣಿಸಬೇಕಾಗಿಲ್ಲ, ಅದಕ್ಕೇ ಸಣ್ಣ ಕ್ಲಿನಿಕ್‌ಗೆ ಇದು ವಾಸಿ ಅಂತ ನನ್ನ ಅಭಿಪ್ರಾಯ. ಮೂರು ಮಟ್ಟ ಇವೆ. ಒಂದು ಕಾಯಿಲೆ ಅಥವಾ ಏನೂ ಇಲ್ಲದವರಿಗೆ ಜಿ0556, ಎರಡು ಅಥವಾ ಹೆಚ್ಚು ಇರುವವರಿಗೆ ಜಿ0557, ಅದರ ಜೊತೆಗೆ ಕ್ಯೂಎಂಬಿ, ಅಂದರೆ ಆದಾಯ ಕಡಿಮೆಯಿದ್ದು ಮೆಡಿಕೇರ್ ಖರ್ಚಿಗೆ ಮೆಡಿಕೇಡ್ ಸಹಾಯ ಇರುವವರಿಗೆ ಜಿ0558. 2025ರಲ್ಲಿ ಶುರುವಾದಾಗ ತಿಂಗಳಿಗೆ ಸುಮಾರು 15, 50, 110 ಡಾಲರ್ ಇತ್ತು. ಎರಡನೇ ಮಟ್ಟದ 100 ಜನ ಒಪ್ಪಿದರೆ ತಿಂಗಳಿಗೆ 5,000 ಡಾಲರ್, ಅಂದರೆ ಆ ಫೋನಿನ ಮುಂದೆ ಕೂರುವ ನರ್ಸ್‌ನ ಸಂಬಳದ ಒಂದು ಒಳ್ಳೇ ಪಾಲು. ಆದರೆ ಒಂದು ರೋಗಿಗೆ ಎಪಿಸಿಎಂ ಬಿಲ್ ಮಾಡಿದ ತಿಂಗಳಲ್ಲಿ ನೀವೇ ಅವರಿಗೆ ಸಿಸಿಎಂ ಆಗಲಿ ಟಿಸಿಎಂ ಆಗಲಿ ಬಿಲ್ ಮಾಡುವ ಹಾಗಿಲ್ಲ. ಹಾಗಾಗಿ ಮೇಲೆ ಮೇಲೆ ಅಡ್ಮಿಟ್ ಆಗುವವರಿಗೆ ಯಾವುದು ಲಾಭ ಅಂತ ಒಂದೊಂದು ಹೆಸರಿಗೂ ಲೆಕ್ಕ ಹಾಕಿ. ಮಿಪ್ಸ್ ಕಡ್ಡಾಯ ಇರುವವರಿಗೆ ಗುಣಮಟ್ಟದ ವರದಿ ಕೊಡುವ ಷರತ್ತೂ ಇದೆ, ಎಸಿಒದಲ್ಲಿದ್ದರೆ ಅದು ಪೂರೈಸಿದ ಹಾಗೆ. ಸಿಸಿಎಂ, ಎಪಿಸಿಎಂ ಎರಡಕ್ಕೂ ದಿನದ 24 ಗಂಟೆ ರೋಗಿಗೆ ಯಾರಾದರೂ ಸಿಗಬೇಕು, ರೋಗಿಯ ಒಪ್ಪಿಗೆ ಚಾರ್ಟಿನಲ್ಲಿರಬೇಕು.

ಒಪ್ಪಿಗೆ ಕೇಳುವುದೇ ಮುಜುಗರದ ಭಾಗ, ಯಾಕೆಂದರೆ 20 ಪರ್ಸೆಂಟ್ ರೋಗಿಯ ಪಾಲು. ಸಪ್ಲಿಮೆಂಟ್ ಪಾಲಿಸಿ ಇರುವವರಿಗೆ ಸಾಮಾನ್ಯವಾಗಿ ಅದು ಕೊಡುತ್ತದೆ, ಇಲ್ಲದವರಿಗೆ ಎಪಿಸಿಎಂ ಎರಡನೇ ಮಟ್ಟದ್ದಾದರೆ ಮನೆಗೆ ಸುಮಾರು 10 ಡಾಲರ್ ಬಿಲ್ ಹೋಗುತ್ತದೆ. ಮೊದಲೇ ಹೇಳದಿದ್ದರೆ ಜಗಳ ಖಂಡಿತ. "ಪರವಾಗಿಲ್ಲ ಬಿಡಿ ಅಂಕಲ್, ನೀವು ಕೊಡಬೇಡಿ" ಅಂತ ನಾಲಿಗೆ ತುದಿಗೆ ಬರುತ್ತದೆ, ಅಲ್ವಾ? ಬೇಡ. ಈ ರೋಗಿಯ ಪಾಲನ್ನು (ಕೋಇನ್ಶೂರೆನ್ಸ್) ಎಲ್ಲರಿಗೂ ರೂಢಿಯಾಗಿ ಮಾಫಿ ಮಾಡುವುದು ಫೆಡರಲ್ ಕಾನೂನಿನ ಪ್ರಕಾರ ತಪ್ಪು. ನಿಜವಾಗಿ ಕಷ್ಟದಲ್ಲಿರುವವರಿಗೆ ವಿಚಾರಿಸಿ, ಬರೆದಿಟ್ಟು, ಬಿಡಬಹುದು.

ವರ್ಷಕ್ಕೊಂದು ವೆಲ್‌ನೆಸ್ ವಿಸಿಟ್

ಆ್ಯನ್ಯುಯಲ್ ವೆಲ್‌ನೆಸ್ ವಿಸಿಟ್‌ಗೆ ರೋಗಿ ಏನೂ ಕೊಡಬೇಕಿಲ್ಲ. ನಿಮಗೆ ಇದರಿಂದ ಎರಡು ಉಪಯೋಗ. ಒಂದು, ರೋಗಿ ಯಾರ ಲೆಕ್ಕಕ್ಕೆ ಸೇರುತ್ತಾರೆ ಅಂತ ಎಸಿಒದಲ್ಲಿ ನೋಡುವುದು ಪ್ರೈಮರಿ ಕೇರ್ ಬಿಲ್ ಯಾರದು ಜಾಸ್ತಿ ಅಂತ. ಫ್ಲೋರಿಡಾದಲ್ಲಿ ಚಳಿಗಾಲ ಕಳೆಯುವವರು ಅಲ್ಲಿನ ಕ್ಲಿನಿಕ್‌ನ ಪಾಲಾಗುವುದು ಹೀಗೆ. ಎರಡು, ಕಾಯಿಲೆಗಳ ಪಟ್ಟಿ. ರೋಗಿ ಎಷ್ಟು ಸೀರಿಯಸ್ ಅನ್ನುವುದರ ಮೇಲೆ ಅವರಿಗಾಗಿ ಮೆಡಿಕೇರ್ ಹಾಕುವ ಖರ್ಚಿನ ಅಂದಾಜು ಏರುತ್ತದೆ ಇಳಿಯುತ್ತದೆ, ಮತ್ತು ಪ್ರತಿ ಕಾಯಿಲೆಯನ್ನೂ ಪ್ರತಿ ವರ್ಷ ಹೊಸದಾಗಿ ಬರೆಯಬೇಕು. ಜನವರಿ 1 ಬಂದರೆ ಮೆಡಿಕೇರ್ ಲೆಕ್ಕದಲ್ಲಿ ಕತ್ತರಿಸಿದ ಕಾಲು ಮತ್ತೆ ಬೆಳೆದಿರುತ್ತದೆ ಅಂತ ಬಿಲ್ಲಿಂಗಿನವರು ತಮಾಷೆ ಮಾಡುವುದು ಇದಕ್ಕೇ. ಶುಗರ್ ಅಂತಷ್ಟೇ ಬರೆದು ಕಿಡ್ನಿ ಮೂರನೇ ಹಂತದಲ್ಲಿರುವುದನ್ನು ಬಿಟ್ಟರೆ ನಷ್ಟ ನಿಮಗೇ. ಇರುವುದನ್ನು ಬರೆಯಿರಿ, ಇಲ್ಲದ್ದನ್ನು ಬರೆಯಬೇಡಿ. ಚಾರ್ಟಿನಲ್ಲಿ ಆಧಾರ ಇಲ್ಲದ ಕೋಡ್ ಹಾಕಿಸುವ ಕನ್ಸಲ್ಟೆಂಟ್ ಸಿಕ್ಕರೆ ಬಾಗಿಲು ತೋರಿಸಿ.

ಆಮೇಲೆ ಎಸಿಒ

ಮೆಡಿಕೇರ್ ಎಸಿಒಗೆ ಕನಿಷ್ಠ 5,000 ರೋಗಿಗಳು ಬೇಕು, ಅಂದರೆ ಸಣ್ಣ ಕ್ಲಿನಿಕ್ ಒಂಟಿಯಾಗಿ ಮಾಡುವ ಮಾತೇ ಇಲ್ಲ, ಇನ್ನೊಬ್ಬರ ಜೊತೆ ಸೇರಲೇಬೇಕು. ಪಾರ್ಟ್ ಎ (ಆಸ್ಪತ್ರೆಯ ಭಾಗ) ಮತ್ತು ಬಿ ಖರ್ಚು ಅಂದಾಜಿಗಿಂತ ಕಡಿಮೆಯಾಗಿ ಗುಣಮಟ್ಟವೂ ಸರಿಯಿದ್ದರೆ ಉಳಿತಾಯದಲ್ಲಿ ಪಾಲು. ಎಸಿಒಗಳಿಗೆ ಇರುವ ಎರಡು ದಾರಿಯಲ್ಲಿ ಬೇಸಿಕ್ ಟ್ರ್ಯಾಕ್‌ನ ಎ, ಬಿ ಮಟ್ಟದಲ್ಲಿ ಪಾಲು 40 ಪರ್ಸೆಂಟಿನವರೆಗೆ, ನಷ್ಟವಾದರೆ ನೀವು ಕಟ್ಟಬೇಕಿಲ್ಲ. ಸಿ ಇಂದ ಮೇಲಕ್ಕೆ ನಷ್ಟದಲ್ಲೂ ಪಾಲು. ಎನ್‌ಹ್ಯಾನ್ಸ್ಡ್ ಟ್ರ್ಯಾಕ್‌ನಲ್ಲಿ 75 ಪರ್ಸೆಂಟಿನವರೆಗೆ ಸಿಗಬಹುದು, ಹೋಗುವುದೂ ಹಾಗೇ ದೊಡ್ಡದು.

ಊಟಕ್ಕೆ ಕರೆದವರನ್ನು ಈಗ ಭೇಟಿಯಾಗಿ, ಕೇಳಿ. ಈಗ ಯಾವ ಮಟ್ಟದಲ್ಲಿದ್ದೀರಿ, ಮೇಲಿನ ಮಟ್ಟಕ್ಕೆ ಯಾವಾಗ ಹೋಗುತ್ತೀರಿ? ನಷ್ಟವಾದರೆ ನನ್ನ ಜೇಬಿಗೆ ಎಷ್ಟು? ಉಳಿತಾಯ ಬಂದರೆ ನಿಮ್ಮ ಖರ್ಚು ಕಳೆದು ಕ್ಲಿನಿಕ್‌ಗಳಿಗೆ ಎಷ್ಟು ಪರ್ಸೆಂಟ್, ಅದನ್ನು ಹಂಚುವುದು ರೋಗಿಗಳ ಸಂಖ್ಯೆ ನೋಡಿಯಾ ಅಂಕ ನೋಡಿಯಾ? ಈ ಕೊನೆಯ ಪ್ರಶ್ನೆಗೆ "ಬೋರ್ಡ್ ತೀರ್ಮಾನ ಮಾಡುತ್ತೆ" ಅಂದರೆ ಬೋರ್ಡಿನಲ್ಲಿ ಸಣ್ಣ ಕ್ಲಿನಿಕ್‌ನವರು ಎಷ್ಟು ಜನ ಇದ್ದಾರೆ ಅಂತ ಕೇಳಿ. ಪ್ರೈಮರಿ ಕೇರ್ ಬಿಲ್ ಮಾಡುವ ಟ್ಯಾಕ್ಸ್ ಐಡಿ ಒಂದು ಸಲಕ್ಕೆ ಒಂದೇ ಮೆಡಿಕೇರ್ ಎಸಿಒದಲ್ಲಿ ಇರಬಹುದು, ಹಾಗಾಗಿ ಎರಡು ದೋಣಿಯಲ್ಲಿ ಕಾಲಿಡುವ ಹಾಗಿಲ್ಲ.

ಇನ್ನು, ಉಳಿತಾಯದ ದುಡ್ಡು ನಂಬಿ ಯಾರನ್ನೂ ಕೆಲಸಕ್ಕೆ ತಗೋಬೇಡಿ. ಈ ವರ್ಷದ ಲೆಕ್ಕ ಮುಂದಿನ ವರ್ಷದ ಕೊನೆಯ ಹೊತ್ತಿಗೆ ಕೈಗೆ ಬರುತ್ತದೆ, ಬಂದರೆ. ಸಂಬಳಕ್ಕೆ ಟಿಸಿಎಂ, ಎಪಿಸಿಎಂ ದುಡ್ಡು ಇಟ್ಟುಕೊಳ್ಳಿ. ದಿನಕ್ಕೆ ಎರಡು ಮೂರು ಅಪಾಯಿಂಟ್‌ಮೆಂಟ್ ಅದೇ ದಿನ ಬರುವವರಿಗೆ ಖಾಲಿ ಬಿಡಿ, ಇಆರ್‌ಗೆ ಹೋಗುವವರಲ್ಲಿ ಒಂದಷ್ಟು ಜನ ನಿಮ್ಮ ಹತ್ತಿರವೇ ಬರುತ್ತಾರೆ.

ಸಹಿ ಹಾಕುವ ಮೊದಲು ಆ ಎಸಿಒ ಬಿಟ್ಟು ಹೋದ ಒಂದೆರಡು ಕ್ಲಿನಿಕ್‌ಗಳ ಹೆಸರು ಕೇಳಿ ಅವರಿಗೆ ಫೋನ್ ಮಾಡಿ. ಹೊರಗೆ ಬರಬೇಕಾದರೆ ಎಷ್ಟು ದಿನ ಮೊದಲು ತಿಳಿಸಬೇಕು, ವರ್ಷದ ಮಧ್ಯೆ ಬಿಟ್ಟರೆ ಆ ವರ್ಷದ ಪಾಲು ಸಿಗುತ್ತದಾ, ಅವರು ಕೊಟ್ಟ ಸಾಫ್ಟ್‌ವೇರ್‌ನಲ್ಲಿರುವ ನಿಮ್ಮ ರೋಗಿಗಳ ಕೇರ್ ಪ್ಲಾನ್‌ಗಳು ನಿಮ್ಮ ಕೈಗೆ ವಾಪಸ್ ಬರುತ್ತವಾ, ಇವು ಮೂರೂ ಒಪ್ಪಂದದಲ್ಲಿ ಬರವಣಿಗೆಯಲ್ಲಿ ಇರಲಿ.