ಹಾಸನದಲ್ಲಿ ಪ್ರೋಗ್ರಾಮಿಂಗ್ ಸಮ್ಮೇಳನ ನಡೆಸೋದು ಹೇಗೆ

ಮೊದಲ ವರ್ಷ ನಾವು ಮಾಡಿದ್ದು ಬೆಂಗಳೂರಿನ ಸಮ್ಮೇಳನದ ನಕಲು. ಮಾತಾಡುವವರೆಲ್ಲ ಅಲ್ಲಿಂದಲೇ ಬಂದರು, ಮಾತೆಲ್ಲ ಇಂಗ್ಲಿಷಿನಲ್ಲಿ, ಊಟಕ್ಕೆ ಫ್ರೈಡ್ ರೈಸು, ಗೋಬಿ ಮಂಚೂರಿ. ಸಂಜೆ ಹೊರಡುವಾಗ ಒಬ್ಬರು ಕೇಳಿದರು, "ಮೇಡಂ, ಹಾಸನದಲ್ಲಿ ನೋಡೋವಂಥದ್ದು ಏನಾದ್ರೂ ಇದೆಯಾ?" ಬೇಲೂರು ಅಲ್ಲಿಂದ 40 ಕಿಲೋಮೀಟರು. ಇಡೀ ದಿನ ನಮ್ಮೂರಲ್ಲಿ ಕಳೆದವರಿಗೆ ನಮ್ಮೂರಿನ ಒಂದು ಮಾತೂ ಕಿವಿಗೆ ಬಿದ್ದಿರಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಎರಡು ಸಲ ನಡೆಸಿದ್ದೇವೆ, ಬೇರೆ ಥರ. ನೀವೂ ನಿಮ್ಮ ಜಿಲ್ಲಾ ಕೇಂದ್ರದಲ್ಲಿ ಇಂಥದ್ದೊಂದು ಮಾಡೋದಾದರೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ದಿನ ಗೊತ್ತುಮಾಡಿ, ಅದಕ್ಕೆ ಊರಿನ ಪಂಚಾಂಗವೇ ಬೇಕು. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ದೀಪಾವಳಿಯ ಆಸುಪಾಸಿನಲ್ಲಿ ತೆರೆಯುತ್ತದೆ. ಆ ದಿನಗಳಲ್ಲಿ ಲಾಡ್ಜಿನಲ್ಲಿ ರೂಮು ಸಿಗುವುದಿಲ್ಲ, ಬಸ್ಸಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಜುಲೈ, ಆಗಸ್ಟ್ ಬೇಡ. ಸಕಲೇಶಪುರದಾಚೆ ಘಾಟಿಯಲ್ಲಿ ಗುಡ್ಡ ಜರಿದರೆ ಮಂಗಳೂರಿನ ಕಡೆಯವರು ದಾರಿಯಲ್ಲೇ ಉಳಿಯುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲು, ತೋಟದ ಮನೆಯ ಹುಡುಗರು ಬರುವುದಿಲ್ಲ. ನಮಗೆ ಒಗ್ಗಿದ್ದು ಫೆಬ್ರವರಿಯ ಕೊನೆಯ ಶನಿವಾರ. ಇಂಜಿನಿಯರಿಂಗ್ ಪರೀಕ್ಷೆಯ ವೇಳಾಪಟ್ಟಿ ಮಾತ್ರ ಎರಡು ಸಲ ನೋಡಿಕೊಳ್ಳಿ.

ಜಾಗಕ್ಕೆ ಹೋಟೆಲ್ ಹಾಲ್ ಬೇಡ, ಕಾಲೇಜಿನ ಸಭಾಂಗಣ ಸಾಕು. ಪ್ರಾಂಶುಪಾಲರಿಗೆ ಮೂರು ತಿಂಗಳು ಮೊದಲೇ ಪತ್ರ ಕೊಟ್ಟು, ಒಪ್ಪಿಗೆಯನ್ನೂ ಪತ್ರದಲ್ಲೇ ತೆಗೆದುಕೊಳ್ಳಿ. ಜನರೇಟರಿಗೆ ಡೀಸೆಲ್ ಯಾರು ಹಾಕಿಸುತ್ತಾರೆ ಅನ್ನುವುದು ಅದರಲ್ಲಿರಲಿ.

ಇಂಟರ್ನೆಟ್ಟನ್ನು ನಂಬಿ ಕಾರ್ಯಾಗಾರ ಇಡಬೇಡಿ. ನೂರಿಪ್ಪತ್ತು ಲ್ಯಾಪ್‌ಟಾಪ್ ಒಟ್ಟಿಗೆ ಡೌನ್‌ಲೋಡಿಗೆ ಕೂತಾಗ ನಮ್ಮ ವೈಫೈ ಹತ್ತು ನಿಮಿಷವೂ ತಡೆಯಲಿಲ್ಲ. ಈಗ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಇನ್‌ಸ್ಟಾಲರ್, ಅದಕ್ಕೆ ಬೇಕಾದ ಲೈಬ್ರರಿ (ಮೊದಲೇ ಬರೆದಿಟ್ಟ ಕೋಡು), ಪಾಠದ ಫೈಲು ಎಲ್ಲವನ್ನೂ ಹದಿನೈದು ಪೆನ್‌ಡ್ರೈವಿಗೆ ತುಂಬಿ ಸಾಲಿಗೊಂದು ಕೊಡುತ್ತೇವೆ. ಎಕ್ಸ್‌ಟೆನ್ಶನ್ ಬೋರ್ಡುಗಳನ್ನು ಶಾಮಿಯಾನದವರಿಂದ ಬಾಡಿಗೆಗೆ ತನ್ನಿ, ವೈರನ್ನು ಟೇಪು ಹಾಕಿ ನೆಲಕ್ಕೆ ಅಂಟಿಸಿ.

ಇನ್ನು ಮುಖ್ಯವಾದ ಕೆಲಸ, ಮಾತುಗಳನ್ನು ಆರಿಸೋದು. ಊರನ್ನು ಸ್ವಾಗತ ಭಾಷಣದಲ್ಲಿ ಹೊಗಳಿ ಬಿಟ್ಟರೆ ಆಗುವುದಿಲ್ಲ, ಮಾತಿನ ವಿಷಯದೊಳಗೇ ಊರು ಸೇರಬೇಕು. ಹಾಸನದ ಮಟ್ಟಿಗೆ ನಮಗೆ ಮೂರು ಎಳೆ ಸಿಕ್ಕವು.

ಒಂದು, ಸಾಲಗಾಮೆ ರಸ್ತೆಯ ಇಸ್ರೋ. 1982ರಿಂದ ದೇಶದ ಭೂಸ್ಥಿರ ಉಪಗ್ರಹಗಳನ್ನು ಸಂಭಾಳಿಸುವ ಮುಖ್ಯ ನಿಯಂತ್ರಣ ಕೇಂದ್ರ ಅಲ್ಲಿದೆ. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರು ಮೇಲೆ. ಬೆಳಕಿನ ವೇಗದಲ್ಲೇ ಹೋದರೂ ಆಜ್ಞೆ ಹೋಗಿ ಉತ್ತರ ಬರಲು ಹೆಚ್ಚುಕಡಿಮೆ ಕಾಲು ಸೆಕೆಂಡು ಬೇಕು. ನೆಟ್‌ವರ್ಕಿನಲ್ಲಿ ಲೇಟೆನ್ಸಿ, ಅಂದರೆ ಸಂದೇಶ ತಲುಪಲು ಹಿಡಿಯುವ ಹೊತ್ತು, ಏನು ಅಂತ ಹೇಳಿಕೊಡಲು ಇದಕ್ಕಿಂತ ಒಳ್ಳೆ ಉದಾಹರಣೆ ನಾನು ಕಂಡಿಲ್ಲ. ದಿನಾ ಆ ಡಿಶ್‌ಗಳನ್ನು ನೋಡುತ್ತಾ ಕಾಲೇಜಿಗೆ ಹೋಗುವ ಮಕ್ಕಳು ಈ ಲೆಕ್ಕವನ್ನು ಬಾಯಲ್ಲೇ ಮಾಡುತ್ತಾರೆ.

ಎರಡು, ಕನ್ನಡ ಅಕ್ಷರ. ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದು, ಸುಮಾರು ಕ್ರಿ.ಶ. 450ರದ್ದು, ಸಿಕ್ಕಿದ್ದು ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ. ಆ ಕಲ್ಲಿನಿಂದ ಶುರುಮಾಡಿ, ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಗುರುತಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿಗೆ ಬನ್ನಿ. 'ಹಾಸನ' ಅನ್ನುವುದರ ಉದ್ದವನ್ನು ಪೈಥಾನಿಗೆ ಕೇಳಿದರೆ 4 ಅನ್ನುತ್ತದೆ, ನಮ್ಮ ಕಣ್ಣಿಗೆ ಮೂರೇ ಅಕ್ಷರ. ದೀರ್ಘದ ಗುರುತನ್ನು ಅದು ಬೇರೆಯಾಗಿ ಎಣಿಸುತ್ತದೆ. ಅದೇ ಪದವನ್ನು ಹಿಂದುಮುಂದು ಮಾಡಿದರೆ 'ನಸಹಾ' ಬರಬೇಕಾದಲ್ಲಿ 'ನಸಾಹ' ಬರುತ್ತದೆ, ಹಕಾರದ ದೀರ್ಘ ಸಕಾರಕ್ಕೆ ಅಂಟಿಕೊಂಡುಬಿಡುತ್ತದೆ. ಚಿಕ್ಕಮಗಳೂರಿನಿಂದ ಬಂದಿದ್ದ ಹುಡುಗಿಯೊಬ್ಬಳು ಕೂಡಲೇ ತನ್ನೂರಿನ ಹೆಸರು ಹಾಕಿ, "ಅಕ್ಕಾ, ಆರಕ್ಷರಕ್ಕೆ ಹನ್ನೊಂದು ತೋರಿಸ್ತಿದೆ!" ಅಂತ ಕೂಗಿದಳು. ಆಮೇಲಿನ ಅರ್ಧ ಗಂಟೆ ಸಭೆ ಅವಳದೇ ಆಯಿತು.

ಮೂರನೆಯದು ಹೊಯ್ಸಳರ ಗುಡಿ. ಒಂದೇ ನಡುಬಿಂದುವಿನ ಮೇಲೆ ಚೌಕವೊಂದನ್ನು 22.5 ಡಿಗ್ರಿಯಂತೆ ತಿರುಗಿಸುತ್ತಾ ನಾಲ್ಕು ಸಲ ಬರೆದರೆ 16 ಮೊನೆಯ ನಕ್ಷತ್ರ ಮೂಡುತ್ತದೆ. ನಕ್ಷತ್ರಾಕಾರದ ತಳವಿನ್ಯಾಸದ ಹಿಂದಿರುವ ಲೆಕ್ಕ ಇಂಥದ್ದೇ. ಹೊಸದಾಗಿ ಕಲಿಯುವವರಿಗೆ ಪೈಥಾನಿನಲ್ಲಿ ಚಿತ್ರ ಬರೆಯುವ ಟರ್ಟಲ್ ಕೊಟ್ಟು ಇದನ್ನೇ ಬರೆಸಿ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪು ಯಾಕೆ ಬೇಕು ಅಂತ ಬೇರೆಯಾಗಿ ಹೇಳುವ ಅಗತ್ಯವೇ ಬೀಳುವುದಿಲ್ಲ.

ಮಾತಾಡುವವರಲ್ಲಿ ಅರ್ಧದಷ್ಟಾದರೂ ಜಿಲ್ಲೆಯವರಿರಲಿ. ಅರ್ಜಿಯನ್ನು ಕನ್ನಡದಲ್ಲೇ ಕರೆಯಿರಿ, ಫಂಕ್ಷನ್, ಸರ್ವರ್, ಡೇಟಾಬೇಸ್ ಅನ್ನುವ ಪದಗಳು ಹಾಗೇ ಇರಲಿ. "ಇಂಗ್ಲಿಷ್ ಬರಲ್ಲ ಮೇಡಂ" ಅಂತ ಹಿಂದೆ ಸರಿದಿದ್ದ ಡಿಪ್ಲೊಮಾ ಹುಡುಗನೊಬ್ಬ ಆಲೂಗಡ್ಡೆ ಮಂಡಿಯ ಚೀಟಿ ಬರೆಯಲು ತಾನು ಮಾಡಿದ್ದ ಆ್ಯಪನ್ನು ಕನ್ನಡದಲ್ಲಿ ವಿವರಿಸಿದಾಗ ಬೆಂಗಳೂರಿನ ಹಿರಿಯರು ನೋಟ್ಸ್ ಬರೆದುಕೊಂಡರು. ಇಂಥವರನ್ನು ಹಿಂದಿನ ಎರಡು ಭಾನುವಾರ ಕರೆಸಿ, ಖಾಲಿ ಹಾಲಿನಲ್ಲಿ ಮೈಕು ಹಿಡಿಸಿ ಅಭ್ಯಾಸ ಮಾಡಿಸಿ. ಇದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

ಊಟ ಅಡುಗೆ ಭಟ್ಟರಿಗೆ ಬಿಡಿ, ಬಡಿಸುವುದು ಎಲೆಯ ಮೇಲೆ, ಪಂಕ್ತಿಯಲ್ಲಿ. ಬೆಳಗ್ಗೆ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಮಧ್ಯಾಹ್ನ ರಾಗಿ ಮುದ್ದೆ, ಕಾಳು ಸಾರು, ಮುದ್ದೆ ಒಗ್ಗದವರಿಗೆ ಅನ್ನ. ಕಾಫಿಗೆ ಪುಡಿಯನ್ನು ನಾವು ಪರಿಚಯದ ತೋಟದಿಂದ ತರಿಸಿದೆವು, ಲೋಟ ಸ್ಟೀಲಿನದು. ಪಂಕ್ತಿಯಲ್ಲಿ ಪಕ್ಕಪಕ್ಕ ಕೂತಾಗ ಕಂಪನಿಯ ಹಿರಿಯರಿಗೂ ಎರಡನೇ ವರ್ಷದ ವಿದ್ಯಾರ್ಥಿಗೂ ಮಾತು ತಾನಾಗಿ ಹತ್ತುತ್ತದೆ, ಬಫೆಯಲ್ಲಿ ಅದು ಆಗಲಿಲ್ಲ.

ಭಾನುವಾರ ಬೆಳಗ್ಗೆ ಏಳಕ್ಕೆ ಬಸ್ಸು. ಮೊದಲು ಹಳೇಬೀಡು, ಆಮೇಲೆ ಬೇಲೂರು. ಶ್ರವಣಬೆಳಗೊಳವನ್ನೂ ಅದೇ ದಿನಕ್ಕೆ ತುರುಕಲು ಹೋಗಬೇಡಿ, ಅದಿರುವುದು ಇನ್ನೊಂದು ದಿಕ್ಕಿನಲ್ಲಿ. ಬೆಂಗಳೂರಿನ ಹಾದಿಯವರು ಬೇಕಾದರೆ ಮಾರನೇ ದಿನ ನೋಡಿಕೊಂಡು ಹೋಗಲಿ. ಪರವಾನಗಿ ಇರುವ ಗೈಡನ್ನು ಮೊದಲೇ ಮಾತಾಡಿಸಿ, ಒಂದು ವಿಷಯ ಮಾತ್ರ ಒತ್ತಿ ಕೇಳಿಕೊಳ್ಳಿ: ಶಿಲ್ಪಿಗಳ ಸಹಿ ತೋರಿಸಬೇಕು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಮದನಿಕೆಗಳ ಕೆಳಗೆ ಹೆಸರು ಬರೆದಿದ್ದಾರೆ. ಶನಿವಾರ ಮಧ್ಯಾಹ್ನವೇ ಒಂದು ಅವಧಿ ಇಟ್ಟು ಮಕ್ಕಳಿಂದ ಮೊದಲ ಗಿಟ್ ಕಮಿಟ್ (ಕೋಡಿನಲ್ಲಿ ಮಾಡಿದ ಬದಲಾವಣೆಯನ್ನು ಮಾಡಿದವರ ಹೆಸರಿನೊಡನೆ ದಾಖಲಿಸೋದು) ಮಾಡಿಸಿ, ಕನ್ನಡದಲ್ಲೇ ತಂತಮ್ಮ ಹೆಸರು ಹಾಕಿಸಿ. ಮಾರನೇ ದಿನ ಅದೇ ಮಕ್ಕಳು ಕತ್ತೆತ್ತಿ ದಾಸೋಜನ ಹೆಸರು ಹುಡುಕುತ್ತಾರೆ. ಅಲ್ಲಿ ಅವಸರ ಮಾಡಿಸಬೇಡಿ. ಬಸ್ಸು ಮೂರು ಗಂಟೆಗೆ ಹೊರಟರೂ ಹಾಸನದ ಸಂಜೆ ಬಸ್ಸುಗಳು ಸಿಗುತ್ತವೆ.