ಗಟಾರದ ನೀರಿನಲ್ಲಿ ರೋಗದ ಸುಳಿವು ಹಿಡಿಯುವುದು ಹೇಗೆ?

ಜ್ವರ ಬಂದವರೆಲ್ಲ ಆಸ್ಪತ್ರೆಗೆ ಹೋಗುವುದಿಲ್ಲ. ಮೆಡಿಕಲ್ ಶಾಪಿನಿಂದ ಎರಡು ಗುಳಿಗೆ ತಂದು ನುಂಗಿ, ಮರುದಿನ ಕೆಲಸಕ್ಕೆ ಹೋಗುವವರೇ ಜಾಸ್ತಿ. ಅವರ ಲೆಕ್ಕ ಯಾವ ರಜಿಸ್ಟರಿನಲ್ಲೂ ಸಿಗುವುದಿಲ್ಲ. ಆದರೆ ಶೌಚಾಲಯಕ್ಕೆ ಎಲ್ಲರೂ ಹೋಗಲೇಬೇಕು, ಅಲ್ವಾ? ಕೋವಿಡ್, ಪೋಲಿಯೊ, ಟೈಫಾಯ್ಡ್, ಕಾಲರಾ, ಹೆಪಟೈಟಿಸ್ ಎ, ಇವೆಲ್ಲದರ ರೋಗಾಣು ಮಲದಲ್ಲಿ ಹೊರಬೀಳುತ್ತದೆ. ಲಕ್ಷಣವೇ ಕಾಣದವರಿಂದಲೂ ಹೊರಬೀಳಬಹುದು. ಹಾಗಾಗಿ ಒಳಚರಂಡಿಯ ಒಂದು ಬಾಟಲಿ ನೀರು ಇಡೀ ಬಡಾವಣೆಯ ಸುದ್ದಿ ಹೇಳಬಲ್ಲದು.

ಇದು ಹೊಸ ವಿದ್ಯೆಯೇನಲ್ಲ. ನಮ್ಮ ದೇಶದಲ್ಲಿ 2001ರಲ್ಲೇ ಮುಂಬೈಯ ಚರಂಡಿ ನೀರಿನಲ್ಲಿ ಪೋಲಿಯೊ ವೈರಸ್ ಹುಡುಕುವ ಕೆಲಸ ಶುರುವಾಯಿತು. 2020ರ ಮಾರ್ಚ್‌ನಲ್ಲಿ ನೆದರ್ಲೆಂಡ್ಸ್‌ನ ಅಮರ್ಸ್‌ಫೋರ್ಟ್ ಊರಲ್ಲಿ ಮೊದಲ ಕೋವಿಡ್ ರೋಗಿ ವರದಿಯಾಗುವ ಆರು ದಿನ ಮೊದಲೇ ಚರಂಡಿಯಲ್ಲಿ ವೈರಸ್ ಸಿಕ್ಕಿತ್ತು. 2022ರಲ್ಲಿ ಲಂಡನ್ನಿನ ಚರಂಡಿಯಲ್ಲಿ ಪೋಲಿಯೊ ಕಂಡಾಗ, ಅಲ್ಲಿ 1ರಿಂದ 9 ವರ್ಷದ ಮಕ್ಕಳಿಗೆ ಮತ್ತೊಂದು ಡೋಸ್ ಕೊಡಲು ನಿರ್ಧರಿಸಿದರು. ಹುಬ್ಬಳ್ಳಿ-ಧಾರವಾಡದಂಥ ಊರಲ್ಲಿ ಇದನ್ನು ಮಾಡಬೇಕೆಂದರೆ ಹೆಜ್ಜೆಗಳು ಯಾವುವು, ನೋಡೋಣ.

ಎಲ್ಲಿಂದ ತೆಗೆಯಬೇಕು

ಎಲ್ಲಕ್ಕಿಂತ ಮೊದಲು ಜಾಗ ಗೊತ್ತು ಮಾಡಿಕೊಳ್ಳಬೇಕು. ಹುಬ್ಬಳ್ಳಿಯ ಗಬ್ಬೂರಿನ ಶುದ್ಧೀಕರಣ ಘಟಕದಂಥ ಕಡೆ, ಶುದ್ಧೀಕರಣ ಶುರುವಾಗುವ ಮುಂಚಿನ ಕೊಳಚೆ ನೀರು ತೆಗೆಯುವುದು ಒಳ್ಳೆಯದು. ಅಲ್ಲಿ ಸಾವಿರಾರು ಮನೆಗಳ ನೀರು ಒಂದೆಡೆ ಸೇರುತ್ತದೆ, ದಿನಕ್ಕೆ ಎಷ್ಟು ಲೀಟರ್ ಬಂತು ಎಂಬ ಅಳತೆಯನ್ನೂ ಇಡಬಹುದು. ಉಣಕಲ್ ನಾಲಾದಂಥ ತೆರೆದ ನಾಲಾದಿಂದಲೂ ತೆಗೆಯಬಹುದು. ಆದರೆ ಅಲ್ಲಿ ಮಳೆನೀರು ಬೆರೆಯುತ್ತದೆ, ಹರಿವು ಲೆಕ್ಕಕ್ಕೆ ಸಿಗುವುದಿಲ್ಲ. ರೋಗಾಣು ಇದೆಯೋ ಇಲ್ಲವೋ ಎಂದು ತಿಳಿಯಲು ನಾಲಾ ಸಾಕು. ಏರಿತೋ ಇಳಿಯಿತೋ ಎಂದು ತಿಳಿಯಲು ಸಾಲದು.

ಗದಗ-ಬೆಟಗೇರಿಯಲ್ಲಾಗಲಿ ಹಾವೇರಿಯಲ್ಲಾಗಲಿ, ಒಳಚರಂಡಿಗೆ ಸೇರದೆ ಸೆಪ್ಟಿಕ್ ಟ್ಯಾಂಕ್ ಇಟ್ಟುಕೊಂಡ ಮನೆಗಳನ್ನು ಮರೆಯಬಾರದು. ಟ್ಯಾಂಕ್ ಖಾಲಿ ಮಾಡುವ ಗಾಡಿಗಳು ಬಂದು ಸುರಿಯುವ ಕಡೆಯೂ ಮಾದರಿ ತೆಗೆಯದಿದ್ದರೆ ಆ ಓಣಿಗಳು ಲೆಕ್ಕದಿಂದಲೇ ಹೊರಗುಳಿಯುತ್ತವೆ.

ಮಾದರಿ ತೆಗೆಯುವ ಬಗೆ

ಬೆಳಗ್ಗೆ ಜನ ಏಳುವ ಹೊತ್ತಿಗೆ ಹರಿವು ಏರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ಆದ್ದರಿಂದ ಒಂದೇ ಸಲ ಮೊಗೆದ ನೀರಿಗಿಂತ, 24 ಗಂಟೆ ಸ್ವಲ್ಪ ಸ್ವಲ್ಪ ತೆಗೆದು ಕೂಡಿಸಿದ ನೀರು ನಂಬಿಕೆಗೆ ಅರ್ಹ. ಇದಕ್ಕೆ ತಾನಾಗಿ ಮೊಗೆಯುವ ಯಂತ್ರ ಸಿಗುತ್ತದೆ. ಅದಿಲ್ಲದಿದ್ದರೆ ಬ್ಯಾಂಡೇಜ್ ಬಟ್ಟೆಯ ಉಂಡೆಯನ್ನು ದಾರಕ್ಕೆ ಕಟ್ಟಿ ಒಂದೆರಡು ದಿನ ಹರಿವಿನಲ್ಲಿ ಇಳಿಬಿಡಬಹುದು. ಹರಿಯುವ ನೀರಿನಲ್ಲಿರುವ ರೋಗಾಣು ಅದಕ್ಕೆ ಸಿಕ್ಕಿಕೊಳ್ಳುತ್ತದೆ. 1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಟೈಫಾಯ್ಡ್ ತರಹದ ಜ್ವರದ ಮೂಲ ಹುಡುಕಲು ಬಳಸಿದ ಈ ಉಪಾಯ ಇವತ್ತಿಗೂ ಕೆಲಸ ಮಾಡುತ್ತದೆ, ಖರ್ಚೂ ಕಡಿಮೆ.

ನಮ್ಮ ಕಡೆ ಇನ್ನೊಂದು ವಿಷಯ ಬರೆದಿಡಲೇಬೇಕು: ಅವತ್ತು ನಳ ಬಂದಿತ್ತೋ ಇಲ್ಲವೋ? ಕೆಲವು ದಿನಕ್ಕೊಮ್ಮೆ ನೀರು ಬಿಡುವ ಓಣಿಗಳಲ್ಲಿ, ನೀರು ಬಂದ ದಿನ ಬಟ್ಟೆ, ಪಾತ್ರೆ, ಅಂಗಳ ಎಲ್ಲವನ್ನೂ ತೊಳೆಯುತ್ತಾರೆ. ಅವತ್ತಿನ ಕೊಳಚೆ ತೆಳ್ಳಗಿರುತ್ತದೆ.

ಮಾದರಿಗಾಗಿ ಯಾರನ್ನೂ ಮ್ಯಾನ್‌ಹೋಲ್ ಒಳಗೆ ಇಳಿಸಬಾರದು. ಅಲ್ಲಿ ಸೇರಿಕೊಂಡಿರುವ ಹೈಡ್ರೋಜನ್ ಸಲ್ಫೈಡ್ ಕೆಲವೇ ಉಸಿರಿನಲ್ಲಿ ಮನುಷ್ಯನನ್ನು ಕೊಲ್ಲುತ್ತದೆ. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ಅಪಾಯಕಾರಿಯಾಗಿ ಚರಂಡಿಗೆ ಇಳಿಸುವುದನ್ನು ನಿಷೇಧಿಸಿದೆ. ಮೇಲೆ ನಿಂತು, ಕೈಗವಸು, ಮಾಸ್ಕ್, ಕನ್ನಡಕ ಹಾಕಿಕೊಂಡು, ಹಗ್ಗ ಕಟ್ಟಿದ ಪಾತ್ರೆಯಿಂದಲೇ ತೆಗೆಯಬೇಕು. ಊರಿನ ಆರೋಗ್ಯಕ್ಕಾಗಿ ಮಾಡುವ ಕೆಲಸದಲ್ಲಿ ಪೌರಕಾರ್ಮಿಕರ ಜೀವ ಹೋಗುವಂತಾದರೆ ಆ ಕೆಲಸವೇ ಬೇಡ.

ಲ್ಯಾಬಿನಲ್ಲಿ ಏನಾಗುತ್ತದೆ

ಬಾಟಲಿಗೆ ದಿನ, ವೇಳೆ, ಜಾಗ ಬರೆದು ಐಸ್ ಬಾಕ್ಸಿನಲ್ಲಿ 4 ಡಿಗ್ರಿ ಆಸುಪಾಸು ಇಟ್ಟು, ಸಾಧ್ಯವಾದರೆ ಅದೇ ದಿನ ಲ್ಯಾಬ್ ಮುಟ್ಟಿಸಬೇಕು. ಅಲ್ಲಿ ಮೊದಲು ಕಸ ಸೋಸುತ್ತಾರೆ. ಆಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಮತ್ತು ಉಪ್ಪು ಬೆರೆಸಿ, ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿ ಜೋರಾಗಿ ತಿರುಗಿಸಿ, ಚದುರಿದ ವೈರಸ್‌ಗಳನ್ನು ಕೊಳವೆಯ ತಳಕ್ಕೆ ಇಳಿಸುತ್ತಾರೆ. ಅದರಿಂದ ವೈರಸ್‌ನ ಆನುವಂಶಿಕ ವಸ್ತುವಾದ ಆರ್‌ಎನ್‌ಎ ತೆಗೆದು ಆರ್‌ಟಿ-ಪಿಸಿಆರ್ ಯಂತ್ರಕ್ಕೆ ಹಾಕುತ್ತಾರೆ. ಕೋವಿಡ್ ಕಾಲದಲ್ಲಿ ಮೂಗಿನ ಕಡ್ಡಿಗೆ ಬಳಸಿದ್ದೂ ಇದೇ ವಿಧಾನ. ಯಂತ್ರದ ಒಂದೊಂದು ಸುತ್ತಿಗೂ ಆ ಆನುವಂಶಿಕ ಅಂಶದ ಪ್ರತಿಗಳು ದುಪ್ಪಟ್ಟಾಗುತ್ತವೆ. ಕಡಿಮೆ ಸುತ್ತಿನಲ್ಲೇ ಕಾಣಿಸಿಕೊಂಡರೆ ವೈರಸ್ ಜಾಸ್ತಿ ಇತ್ತು ಎಂದರ್ಥ. ಮೂರು ಚಿಲ್ಲರೆ ಸುತ್ತಿನ ವ್ಯತ್ಯಾಸ ಎಂದರೆ ಹತ್ತು ಪಟ್ಟು.

ನನಗೆ ಬಹಳ ಹಿಡಿಸಿದ ಭಾಗ ಮುಂದಿನದು. ಆ ಬಾಟಲಿಯಲ್ಲಿ ಮನುಷ್ಯರ ಮಲದ ಪಾಲು ಎಷ್ಟು ಎಂದು ತಿಳಿಯಲು ಮೆಣಸಿನಕಾಯಿಯ ಒಂದು ವೈರಸ್ ಅಳೆಯುತ್ತಾರೆ. ಪೆಪ್ಪರ್ ಮೈಲ್ಡ್ ಮಾಟಲ್ ಎಂಬುದು ಮೆಣಸಿನ ಗಿಡಕ್ಕೆ ಬರುವ ವೈರಸ್. ಮೆಣಸಿನಕಾಯಿ, ಖಾರದ ಪುಡಿ, ಸಾಸ್ ತಿಂದವರ ಹೊಟ್ಟೆ ದಾಟಿ ಹೊರಬರುತ್ತದೆ, ಮನುಷ್ಯರಿಗೆ ಕಾಯಿಲೆ ತರುವುದಿಲ್ಲ. ಬ್ಯಾಡಗಿಯ ಮಾರುಕಟ್ಟೆ ಪಕ್ಕದಲ್ಲೇ ಇಟ್ಟುಕೊಂಡು, ದಿನವೂ ರೊಟ್ಟಿಗೆ ರಂಜಕ ಹಚ್ಚಿಕೊಂಡು ತಿನ್ನುವ ನಮ್ಮ ಕಡೆಗೆ ಇದಕ್ಕಿಂತ ಒಪ್ಪುವ ಅಳತೆಗೋಲು ಬೇಕೆ?

ಲೆಕ್ಕ ಹೀಗೆ

ಒಂದು ಉದಾಹರಣೆ. 2 ಲಕ್ಷ ಜನರಿರುವ ಪ್ರದೇಶದಿಂದ ದಿನಕ್ಕೆ 2 ಕೋಟಿ ಲೀಟರ್ ಕೊಳಚೆ ಬರುತ್ತದೆ, ಲೀಟರಿಗೆ ವೈರಸ್‌ನ 10,000 ಪ್ರತಿಗಳು (ಕಾಪಿ) ಸಿಕ್ಕವು ಎಂದುಕೊಳ್ಳಿ. ಇವೆರಡನ್ನೂ ಗುಣಿಸಿ ಜನಸಂಖ್ಯೆಯಿಂದ ಭಾಗಿಸಿದರೆ ತಲೆಗೆ 10 ಲಕ್ಷ. ಮುಂದಿನ ವಾರ ಮಳೆ ಹಿಡಿದು ಹರಿವು 4 ಕೋಟಿ ಲೀಟರ್ ಆಯಿತು, ಲೀಟರಿಗೆ 5,000 ಸಿಕ್ಕವು. ಸುಮ್ನೆ ನೋಡಿದರೆ ರೋಗ ಅರ್ಧಕ್ಕೆ ಇಳಿದಂತೆ ಕಾಣುತ್ತದೆ. ಲೆಕ್ಕ ಹಾಕಿದರೆ ತಲೆಗೆ ಅದೇ 10 ಲಕ್ಷ! ಹೀಗಾಗಿ ದುಬಾರಿ ಪಿಸಿಆರ್ ಯಂತ್ರ ಕೊಳ್ಳುವ ಮೊದಲು ಹರಿವಿನ ಮೀಟರ್ ಸರಿ ಮಾಡಿಸಿ ಎನ್ನುತ್ತೇನೆ. ಈ ಲೆಕ್ಕದಿಂದ ಎಷ್ಟು ಜನರಿಗೆ ರೋಗ ಇದೆ ಎಂದು ಹೇಳಲಾಗದು, ಯಾಕೆಂದರೆ ಒಬ್ಬೊಬ್ಬರೂ ಒಂದೊಂದು ಪ್ರಮಾಣದಲ್ಲಿ ವೈರಸ್ ಹೊರಹಾಕುತ್ತಾರೆ. ವಾರಕ್ಕೆ ಎರಡು ಸಲ, ಅದೇ ಜಾಗದಲ್ಲಿ ಅಳೆದು ಗ್ರಾಫಿನ ಗೆರೆ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಬೇಕು.

ಧಾರವಾಡ ಹಾಸ್ಟೆಲುಗಳ ಊರು. 2021ರ ನವೆಂಬರ್‌ನಲ್ಲಿ ಇಲ್ಲಿಯ ಒಂದು ವೈದ್ಯಕೀಯ ಕಾಲೇಜಿನಲ್ಲಿ 280 ದಾಟಿ ಜನರಿಗೆ ಕೋವಿಡ್ ಬಂದಿದ್ದು ನೆನಪಿರಬಹುದು. ಅದಕ್ಕೂ ಹಿಂದಿನ ವರ್ಷ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯ ತನ್ನ ಒಂದು ಹಾಸ್ಟೆಲಿನ ಚರಂಡಿಯಲ್ಲಿ ವೈರಸ್ ಕಂಡು, ಅಲ್ಲಿದ್ದ 311 ಜನರನ್ನು ಪರೀಕ್ಷಿಸಿತು. ಇಬ್ಬರಿಗೆ ಸೋಂಕಿತ್ತು, ಇಬ್ಬರಿಗೂ ಲಕ್ಷಣ ಇರಲಿಲ್ಲ. ನಮ್ಮಲ್ಲಿ ಇದನ್ನು ಶುರು ಮಾಡಲು ದೊಡ್ಡ ಹಾಸ್ಟೆಲುಗಳೇ ತಕ್ಕ ಜಾಗ. ಆದರೆ ಒಂದೇ ಮನೆಯ ಪೈಪಿಗೆ ಕೈ ಹಾಕಬಾರದು. ಹಾಸ್ಟೆಲ್ ಅಥವಾ ಬಡಾವಣೆಯ ಮಟ್ಟಕ್ಕೆ ನಿಲ್ಲಿಸಿದರೆ ಯಾರ ಹೆಸರೂ ಬಯಲಾಗುವುದಿಲ್ಲ.

ಗೆರೆ ಏರಿದಾಗ ಯಾರು ಏನು ಮಾಡಬೇಕು ಎಂಬುದನ್ನು ಮೊದಲೇ ಬರೆದಿಟ್ಟಿರಬೇಕು. ಕೋವಿಡ್ ಏರಿದರೆ ಆ ಭಾಗದ ಆಸ್ಪತ್ರೆಗಳಿಗೆ ಸೂಚನೆ, ವಯಸ್ಸಾದವರಿಗೆ ಮಾಸ್ಕ್ ಸಲಹೆ. ಪೋಲಿಯೊ ಕಂಡರೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಯಾವ ಮಗುವಿಗೆ ಹನಿ ತಪ್ಪಿದೆ ನೋಡಬೇಕು. ಟೈಫಾಯ್ಡ್ ಅಥವಾ ಕಾಲರಾ ಕಂಡರೆ ಅವತ್ತೇ ಆ ವಾರ್ಡಿನ ನಳದ ನೀರಿನಲ್ಲಿ ಕ್ಲೋರಿನ್ ಅಳೆಯಬೇಕು. ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ, ಕುಡಿಯುವ ನೀರಿನ ಪೈಪು ಗಟಾರ ದಾಟುವ ಕಡೆ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು. ಸರಿ ಆಗುವವರೆಗೆ ನೀರು ಕಾಯಿಸಿ ಕುಡಿಯಿರಿ ಎಂದು ಕಸದ ಗಾಡಿಯ ಮೈಕಿನಲ್ಲಿ ಸಾರಬೇಕು.