ಲಿನಕ್ಸ್ ಹ್ಯಾಂಗ್ ಆಗುತ್ತಿತ್ತು, ಕಾರಣ ಹಿಡಿದದ್ದು ಹೀಗೆ

ನನ್ನ ಮನೆಯ ಉಬುಂಟು ಕಂಪ್ಯೂಟರ್ ಆಗಾಗ ಹ್ಯಾಂಗ್ ಆಗುತ್ತಿತ್ತು. ಮೌಸ್ ಓಡಾಡುತ್ತಿತ್ತು, ಏನು ಕ್ಲಿಕ್ ಮಾಡಿದರೂ ತೆರೆಯುತ್ತಿರಲಿಲ್ಲ. ಇಂಥ ಹೊತ್ತಲ್ಲಿ ಕೈ ನೇರ ಪವರ್ ಬಟನ್‌ಗೆ ಹೋಗುತ್ತದೆ, ಅಲ್ವಾ? ಒಂದು ನಿಮಿಷ ತಡೆಯಿರಿ. ಸುಳಿವು ಸಿಗುವುದು ಆಗಲೇ.

ಮೊದಲು ಕ್ಯಾಪ್ಸ್ ಲಾಕ್ ಒತ್ತಿದೆ. ಅದರ ದೀಪ ಹೊತ್ತಿತು, ಮತ್ತೆ ಒತ್ತಿದರೆ ಆರಿತು. ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಇನ್ನೂ ಜೀವ ಇದೆ. (ದೀಪ ಹೊತ್ತದಿದ್ದರೆ ಕರ್ನಲ್ ಸತ್ತಿದೆ ಎಂದೇನೂ ಅಲ್ಲ. ಬರೀ ಡೆಸ್ಕ್‌ಟಾಪ್ ನಿಂತಿದ್ದರೂ ಹಾಗಾಗಬಹುದು.) ಆಮೇಲೆ ಲ್ಯಾಪ್‌ಟಾಪ್‌ನಿಂದ ಪಿಂಗ್ ಮಾಡಿದೆ (ನೆಟ್‌ವರ್ಕ್ ಮೂಲಕ ‘ಇದ್ದೀಯಾ?’ ಎಂದು ಕೇಳಿದ ಹಾಗೆ). ಉತ್ತರ ಸರಿಯಾಗಿ ಬಂತು. ಆದರೆ ಬೇರೆ ಕಂಪ್ಯೂಟರ್‌ನಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಕೊಟ್ಟ ಮೇಲೆ ಮುಂದಕ್ಕೇ ಹೋಗಲಿಲ್ಲ. ಪಿಂಗ್‌ಗೆ ಕರ್ನಲ್ಲೇ ಉತ್ತರ ಕೊಡುತ್ತದೆ, ಡಿಸ್ಕ್ ಮುಟ್ಟಬೇಕಿಲ್ಲ. ಲಾಗಿನ್ ಆಗಲು ಡಿಸ್ಕ್‌ನಿಂದ ಫೈಲ್ ಓದಲೇಬೇಕು. ಅಲ್ಲಿಗೆ ನನ್ನ ಅನುಮಾನ ಡಿಸ್ಕ್ ಕಡೆ ತಿರುಗಿತು. ರ‍್ಯಾಮ್ ತುಂಬಿ ಸ್ವಾಪ್ (ಡಿಸ್ಕ್‌ನ ಜಾಗವನ್ನೇ ಮೆಮೊರಿಯಂತೆ ಬಳಸುವುದು) ಜಾಸ್ತಿಯಾದರೂ ಹೀಗೇ ಆಗುತ್ತದೆ, ಹಾಗಾಗಿ ಅದನ್ನೂ ಬಿಡುವಂತಿರಲಿಲ್ಲ.

ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದುಕೊಂಡು ಎಸ್, ಯು, ಬಿ ಒಂದೊಂದಾಗಿ ಒತ್ತಿ ರೀಬೂಟ್ ಮಾಡಿದೆ. ‘ಜರ್ನಲ್‌ಸಿಟಿಎಲ್ -ಕೆ -ಬಿ -1’ ಕೊಟ್ಟು ಹಿಂದಿನ ಬೂಟ್‌ನ ಲಾಗ್ (ಕರ್ನಲ್ ಸಂದೇಶಗಳ ದಾಖಲೆ) ನೋಡಿದರೆ ದೋಷದ ಸಾಲು ಏನೂ ಇಲ್ಲ. ಹ್ಯಾಂಗ್ ಆಗುವುದಕ್ಕೆ ಸ್ವಲ್ಪ ಮುಂಚೆ ಸುಮ್ನೆ ನಿಂತುಹೋಗಿದೆ. ನನಗೆ ಇದೂ ಒಂದು ಸುಳಿವೇ ಅನ್ನಿಸಿತು. ಡಿಸ್ಕೇ ಕೈಕೊಟ್ಟರೆ ಅದರ ದೂರನ್ನು ಅದೇ ಡಿಸ್ಕ್ ಮೇಲೆ ಬರೆಯುವುದು ಹೇಗೆ?

ಹಾಗಾಗಿ ಕಂಪ್ಯೂಟರ್ ಚೆನ್ನಾಗಿರುವಾಗಲೇ ಲ್ಯಾಪ್‌ಟಾಪ್‌ನಿಂದ ಲಾಗಿನ್ ಆಗಿ ಎರಡು ವಿಂಡೋ ತೆರೆದಿಟ್ಟೆ. ಒಂದರಲ್ಲಿ ‘ಸುಡೋ ಡಿಎಂಇಎಸ್‌ಜಿ -ಡಬ್ಲ್ಯು’, ಇನ್ನೊಂದರಲ್ಲಿ ಮೆಮೊರಿ, ಸ್ವಾಪ್ ಲೆಕ್ಕವನ್ನು ಸೆಕೆಂಡಿಗೊಮ್ಮೆ ತೋರಿಸುವ ‘ವಿಎಂಸ್ಟ್ಯಾಟ್ 1’. ಇಡೀ ತನಿಖೆಯಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ಡಿಎಂಇಎಸ್‌ಜಿ ಓದುವುದು ಮೆಮೊರಿಯಲ್ಲಿರುವ ಕರ್ನಲ್ ಸಂದೇಶಗಳನ್ನು, ಡಿಸ್ಕ್ ಕೆಟ್ಟರೂ ಅದು ನಡೆಯುತ್ತಿರುತ್ತದೆ.

ಮತ್ತೆ ಹ್ಯಾಂಗ್ ಆಯಿತು. ಲ್ಯಾಪ್‌ಟಾಪ್ ಪರದೆ ಮೇಲೆ ‘ಹಾರ್ಡ್ ರಿಸೆಟಿಂಗ್ ಲಿಂಕ್’ (ಡಿಸ್ಕ್ ಜೊತೆಗಿನ ಸಂಪರ್ಕವನ್ನು ಕರ್ನಲ್ ಹೊಸದಾಗಿ ಶುರು ಮಾಡುತ್ತಿದೆ) ಎಂಬ ಸಾಲು ಬಂತು, ಸ್ವಲ್ಪ ಬಿಟ್ಟು ಮತ್ತೆ ಬಂತು. ಪಕ್ಕದ ವಿಂಡೋದಲ್ಲಿ ಸ್ವಾಪ್‌ನ ಎರಡು ಕಾಲಂಗಳೂ ಸೊನ್ನೆ. ಡಿಸ್ಕ್‌ಗಾಗಿ ಕಾಯುತ್ತಿರುವ ಕೆಲಸಗಳನ್ನು ತೋರಿಸುವ ‘ಬಿ’ ಕಾಲಂ ಮಾತ್ರ ಏರುತ್ತಿತ್ತು. ರ‍್ಯಾಮ್ ತಪ್ಪಿತಸ್ಥ ಅಲ್ಲ ಎಂದು ಗಟ್ಟಿಯಾಯಿತು.

ಡಿಸ್ಕ್ ಹೋಯಿತು ಎಂದು ಕೂಡಲೇ ಹೊಸದು ತರಬೇಡಿ. ಮೊದಲು ಬ್ಯಾಕಪ್ ಮಾಡಿಕೊಂಡು, ಡಿಸ್ಕ್‌ನ ಆರೋಗ್ಯದ ಲೆಕ್ಕ ತೋರಿಸುವ ‘ಸುಡೋ ಸ್ಮಾರ್ಟ್‌ಸಿಟಿಎಲ್ -ಎ’ ಓಡಿಸಿ ನೋಡಿದೆ (ಎ ದೊಡ್ಡಕ್ಷರ, ಕೊನೆಗೆ ಡಿಸ್ಕ್ ಹೆಸರು). ಕೆಟ್ಟ ಸೆಕ್ಟರ್‌ಗಳ (ಡಿಸ್ಕ್‌ನಲ್ಲಿ ಡೇಟಾ ಇಡುವ ಚಿಕ್ಕ ಭಾಗಗಳ) ಲೆಕ್ಕ ಇಡುವ, 5 ಮತ್ತು 197 ಎಂಬ ಐಡಿ ಇರುವ ಸಾಲುಗಳಲ್ಲಿ ಸೊನ್ನೆ ಇತ್ತು. ಆದರೆ 199 ಐಡಿಯ ಸಾಲು, ಯುಡಿಎಂಎ ಸಿಆರ್‌ಸಿ ಎರರ್, ಪ್ರತಿ ಹ್ಯಾಂಗ್ ಆದ ಮೇಲೂ ಏರುತ್ತಿತ್ತು. ಇದು ಡಿಸ್ಕ್‌ಗೂ ಮದರ್‌ಬೋರ್ಡ್‌ಗೂ ನಡುವೆ ಡೇಟಾ ಹೋಗಿಬರುವಾಗ ಆಗುವ ದೋಷ. ಸಾಮಾನ್ಯವಾಗಿ ಸಾಟಾ ಕೇಬಲ್‌ನದೇ ತೊಂದರೆ.

ಕೇಬಲ್ ಬದಲಿಸಿ, ಮದರ್‌ಬೋರ್ಡ್‌ನ ಬೇರೆ ಪೋರ್ಟ್‌ಗೆ ಹಾಕಿದೆ. 199ರ ಸಂಖ್ಯೆ ರಿಪೇರಿ ಆದ ಮೇಲೂ ಸೊನ್ನೆಗೆ ಇಳಿಯುವುದಿಲ್ಲ. ಅದನ್ನು ಬರೆದಿಟ್ಟುಕೊಂಡು ಏರುತ್ತದೆಯೇ ಎಂದು ನೋಡುತ್ತಿರಬೇಕು. ನನ್ನದು ಅಲ್ಲೇ ನಿಂತಿದೆ, ಹ್ಯಾಂಗ್ ಆಗುವುದೂ ನಿಂತಿದೆ. ನಿಮ್ಮಲ್ಲಿ 5 ಅಥವಾ 197 ಏರುತ್ತಿದ್ದರೆ ಮಾತ್ರ ಕೇಬಲ್ ಹಿಂದೆ ಬೀಳಬೇಡಿ, ಡಿಸ್ಕನ್ನೇ ಬದಲಿಸಿ.